ಒಂದು ಸೇರು ಕಡಲೇಕಾಯಿ, ಒಂಬತ್ತು ನಿಮಿಷದ ಚಿತ್ರ

ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊದಲ ಸಲ ಕಡಲೇಕಾಯಿ ಪರಿಷೆಗೆ ಕ್ಯಾಮೆರಾ ಹಿಡಿದು ಹೋದಾಗ ನಾನು ಏನನ್ನೂ ಬಿಡಲಿಲ್ಲ. ಬಸವಣ್ಣನ ಪೂಜೆ, ದೊಡ್ಡ ಗಣಪತಿ, ರಾಶಿ ರಾಶಿ ಕಾಯಿ, ಬೆಂಡು ಬತ್ತಾಸು, ಪೀಪಿ ಊದುವ ಮಕ್ಕಳು, ಸಾಲು ದೀಪ, ಎಲ್ಲವೂ ಕಾರ್ಡಿನಲ್ಲಿತ್ತು. ಮನೆಗೆ ಬಂದು 5 ಗಂಟೆಯ ಫುಟೇಜ್ ಕೂತು ನೋಡಿದೆ. ಸಾವಿರಾರು ಮುಖಗಳಿದ್ದವು. ಅದರಲ್ಲಿ ಒಬ್ಬರ ಬಗ್ಗೆಯೂ ನನಗೆ ಏನೂ ಗೊತ್ತಿರಲಿಲ್ಲ.

ನಾನು ಹನುಮಂತನಗರದವಳು. ಹನ್ನೆರಡು ವರ್ಷ ಮದುವೆ ವಿಡಿಯೋ ಮಾಡಿದ್ದೇನೆ. ಆ ಕೆಲಸ ನನಗೆ ತುಂಬಾ ಕಲಿಸಿದೆ. ಧಾರೆ ಎರೆಯುವ ಗಳಿಗೆ ಇನ್ನೊಂದು ಸಲ ಬರುವುದಿಲ್ಲ, ಆದ್ದರಿಂದ ಬ್ಯಾಟರಿ, ಕಾರ್ಡು, ನಿಲ್ಲುವ ಜಾಗ ಎಲ್ಲ ಮೊದಲೇ ಸಿದ್ಧ ಇರಬೇಕು. ಆದರೆ ಮದುವೆ ವಿಡಿಯೋದಲ್ಲಿ ಎಲ್ಲರೂ ಬರಬೇಕು. ದೊಡ್ಡಪ್ಪನ ಮುಖ ಬಂದಿಲ್ಲ ಅಂದರೆ ಮನಸ್ತಾಪ ಆಗುತ್ತದೆ. ಡಾಕ್ಯುಮೆಂಟರಿಗೆ ಬಂದಾಗ ನಾನು ಬಿಡಬೇಕಾಗಿ ಬಂದ ಮೊದಲ ಅಭ್ಯಾಸ ಅದೇ.

ಮರುವರ್ಷ ಪರಿಷೆಗೆ ಹೋದಾಗ ಒಂದೇ ರಾಶಿಯ ಹಿಂದೆ ಕೂತೆ. ಚಿಂತಾಮಣಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಅಜ್ಜಿಯ ರಾಶಿ ಅದು. ಅವರು ಸೇರಿನಲ್ಲಿ ಕಾಯಿ ಅಳೆಯುತ್ತಿದ್ದರು. ಮೂರು ದಿನ ಆ ಕೈಯನ್ನೇ ಹಿಂಬಾಲಿಸಿದೆ. ಅದು ಒಂಬತ್ತು ನಿಮಿಷದ ಚಿತ್ರವಾಯಿತು. ನಾನು ಮಾಡಿದ ಚಿತ್ರಗಳಲ್ಲಿ ಜನ ಕೊನೆಯವರೆಗೂ ಕೂತು ನೋಡಿದ ಮೊದಲ ಚಿತ್ರ. ಅದನ್ನೂ ಅದಾದ ಮೇಲಿನ ಕೆಲವನ್ನೂ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಒಂದು ಫೋನು, ಒಂದು ಮೈಕು, ನಾಲ್ಕೈದು ಭಾನುವಾರ ಇದ್ದರೆ ಶುರು ಮಾಡಬಹುದು.

ಒಂದು ಕೆಲಸ ಹುಡುಕಿ

ಹೊಸಬರು ನನ್ನ ಹತ್ತಿರ ಬಂದಾಗ "ಬೆಂಗಳೂರಿನ ಕೆರೆಗಳ ಬಗ್ಗೆ ಮಾಡ್ತೀನಿ", "ಜಾನಪದದ ಬಗ್ಗೆ ಮಾಡ್ತೀನಿ" ಅನ್ನುತ್ತಾರೆ. ಅದು ವಿಷಯ. ವಿಷಯವನ್ನು ಕ್ಯಾಮೆರಾದಲ್ಲಿ ಹಿಡಿಯಲು ಆಗುವುದಿಲ್ಲ. ಯಾರೋ ಒಬ್ಬರು ಕೈಯಾರೆ ಮಾಡುವ ಕೆಲಸವನ್ನು ಹಿಡಿಯಬಹುದು. ಆ ಕೆಲಸದ ಸುತ್ತ ವಿಷಯ ತಾನಾಗಿ ಬಂದು ಕೂರುತ್ತದೆ.

ಬೆಳ್ಳಂದೂರು ಕೆರೆಯ ನೊರೆ, 2017 ಮತ್ತು 2018ರಲ್ಲಿ ಆ ಕೆರೆಗೆ ಬಿದ್ದ ಬೆಂಕಿ, ಇವನ್ನು ಇಡೀ ದೇಶ ನೋಡಿದೆ. ಮತ್ತೆ ಅದೇ ನೊರೆ ತೋರಿಸಿದರೆ ನೋಡುವವರಿಗೆ ಹೊಸದೇನೂ ಸಿಗುವುದಿಲ್ಲ. ಅದರ ಬದಲು ಆ ಕೆರೆ ಪಕ್ಕದ ರಸ್ತೆಯಲ್ಲಿ ದಿನಾ ತರಕಾರಿ ಮಾರುವವರು ಗಾಳಿ ಬೀಸಿದಾಗ ತಳ್ಳುಗಾಡಿಯನ್ನು ಯಾವ ಕಡೆಗೆ ತಿರುಗಿಸುತ್ತಾರೆ ಅನ್ನುವುದನ್ನು ನೋಡಿ. ಜಕ್ಕೂರು ಕೆರೆಗೆ ಹೋಗಿ. ಅಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗನ್ನು ಹಾದು ಕೆರೆ ಸೇರುತ್ತದೆ. ಆ ನೀರಿನಲ್ಲೇ ಮೀನು ಹಿಡಿಯುವವರಿದ್ದಾರೆ. ಬಲೆ ಎತ್ತಿದಾಗ ಏನು ಬಂತು ಅನ್ನುವುದೇ ಒಂದು ಚಿತ್ರ. ನೀರಿನ ಗುಣಮಟ್ಟ, ಊರು ಬೆಳೆದದ್ದು, ಹೊಟ್ಟೆಪಾಡು ಎಲ್ಲ ಅದೇ ಬಲೆಯಲ್ಲಿ ಬರುತ್ತದೆ.

ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನಿಮ್ಮ ಚಿತ್ರವನ್ನು ಒಂದು ವಾಕ್ಯದಲ್ಲಿ ಹೇಳಿ. ಆ ವಾಕ್ಯದಲ್ಲಿ ಒಬ್ಬ ಮನುಷ್ಯರೂ ಒಂದು ಕ್ರಿಯಾಪದವೂ ಇರಬೇಕು. "ಚಿಂತಾಮಣಿಯ ಅಜ್ಜಿ ಪರಿಷೆಯಲ್ಲಿ ಮೂರು ದಿನ ಕಡಲೇಕಾಯಿ ಅಳೆಯುತ್ತಾರೆ." ಇಷ್ಟು ಸಾಕು. "ಅವನತಿ", "ಪರಂಪರೆ", "ಅರಿವು" ಇಂಥ ಪದಗಳು ಆ ವಾಕ್ಯದಲ್ಲಿ ನುಸುಳಿದರೆ ಇನ್ನೂ ನಿಮಗೆ ಚಿತ್ರ ಸಿಕ್ಕಿಲ್ಲ ಅಂತ ಅರ್ಥ.

ಮೊದಲು ಬರಿಗೈಲಿ ಹೋಗಿ

ಕನಿಷ್ಠ ಮೂರು ಸಲ ಕ್ಯಾಮೆರಾ ಇಲ್ಲದೆ ಹೋಗಿ. ಒಂದು ಸಲ ಬೆಳಗ್ಗೆ, ಒಂದು ಸಲ ಸಂಜೆ, ಒಂದು ಸಲ ಕೆಲಸ ಇಲ್ಲದ ದಿನ. ಫೋನು ಜೇಬಿನಲ್ಲೇ ಇರಲಿ. ಸುಮ್ನೆ ಕೂತು ನೋಡಿ, ಟೀ ಕುಡಿಯಿರಿ, ಸಾಧ್ಯವಾದರೆ ಏನಾದರೂ ಕೈಜೋಡಿಸಿ. ನಾನು ಮೂಟೆ ಬಿಚ್ಚಿ ಕಾಯಿ ಸುರಿಯಲು ಸಹಾಯ ಮಾಡಿದೆ. ಅದಾದ ಮೇಲೆಯೇ ಅಜ್ಜಿ ನನ್ನ ಹೆಸರು ಕೇಳಿದ್ದು.

ಈ ದಿನಗಳಲ್ಲಿ ನೀವು ಕಲಿಯಬೇಕಾದ್ದು ಅಲ್ಲಿನ ಮಾತು. ಕೆರೆಯವರ ಹತ್ತಿರ ಹೋಗಿ "ಇನ್‌ಲೆಟ್ ಎಲ್ಲಿದೆ, ಔಟ್‌ಲೆಟ್ ಎಲ್ಲಿದೆ" ಅಂತ ಕೇಳಿದರೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಏರಿ, ತೂಬು (ಹೊಲಕ್ಕೆ ನೀರು ಬಿಡುವ ಕಿಂಡಿ), ಕೋಡಿ (ಕೆರೆ ತುಂಬಿದಾಗ ನೀರು ಹೊರಹೋಗುವ ಜಾಗ), ರಾಜಕಾಲುವೆ ಅಂದು ನೋಡಿ. "ತೂಬು ಎತ್ತುತ್ತಿದ್ದವರು ಯಾರು?" ಅಂತ ಕೇಳಿದ್ದಕ್ಕೆ ಒಬ್ಬ ಹಿರಿಯರು ನನಗೆ ಮುಕ್ಕಾಲು ಗಂಟೆ ಮಾತಾಡಿದರು. ನೀರುಗಂಟಿ ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಬಿಡುತ್ತಿದ್ದ, ಅವನಿಗೆ ಸುಗ್ಗಿಯಲ್ಲಿ ಏನು ಕೊಡುತ್ತಿದ್ದರು, ಕೋಡಿ ಬಿದ್ದ ದಿನ ಊರಲ್ಲಿ ಹೇಗೆ ಹಬ್ಬ ಮಾಡುತ್ತಿದ್ದರು, ಎಲ್ಲ ಬಂತು. ಸರಿಯಾದ ಒಂದು ಪದ ಗೊತ್ತಿದ್ದರೆ ಇವಳು ಕೇಳಿಸಿಕೊಳ್ಳುವವಳು ಅಂತ ಜನಕ್ಕೆ ನಂಬಿಕೆ ಬರುತ್ತದೆ.

ಇನ್ನೊಂದು ಮಾತು. ಕ್ಯಾಮೆರಾ ಆನ್ ಆದ ತಕ್ಷಣ ನಮ್ಮ ಜನ ಟೀವಿ ಕನ್ನಡಕ್ಕೆ ಹೋಗಿಬಿಡುತ್ತಾರೆ. "ಓಗ್ತಿದ್ವಿ" ಅಂತ ಲಕ್ಷಣವಾಗಿ ಮಾತಾಡುತ್ತಿದ್ದವರು "ನಾವುಗಳು ತೆರಳುತ್ತಿದ್ದೆವು" ಅನ್ನುತ್ತಾರೆ. ಅವರ ನಾಲಿಗೆಯ ಕನ್ನಡವೇ ಚಿತ್ರದ ಜೀವ. ಅದನ್ನು ಉಳಿಸಲು ನನಗೆ ಗೊತ್ತಿರುವ ದಾರಿ ಒಂದೇ: ಅವರ ಕೈ ಕೆಲಸದಲ್ಲಿ ಇರುವಾಗ ಮಾತಾಡಿಸಿ. ಹೂ ಕಟ್ಟುತ್ತಾ, ಕಾಯಿ ಆರಿಸುತ್ತಾ, ಬಲೆ ಬಿಡಿಸುತ್ತಾ ಇರುವವರಿಗೆ ಭಾಷಣದ ಭಾಷೆ ಬರುವುದಿಲ್ಲ. ನಮ್ಮ ಊರಿನಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ದಖ್ಖನಿ ಉರ್ದು ಬೆರೆತೇ ಬರುತ್ತವೆ. ಕೆ.ಆರ್. ಮಾರುಕಟ್ಟೆಯ ಹೂವಿನ ಹರಾಜಿನಲ್ಲಿ ಒಂದೇ ಉಸಿರಿಗೆ ಮೂರು ಭಾಷೆ ಕೇಳುತ್ತದೆ. "ಕನ್ನಡದಲ್ಲೇ ಹೇಳಿ" ಅಂತ ನಿಲ್ಲಿಸಬೇಡಿ. ಅವರಿಗೆ ಬಂದಂತೆ ಹೇಳಲಿ. ಕೆಳಗೆ ಸಬ್‌ಟೈಟಲ್ ಹಾಕುವುದು ನಿಮ್ಮ ಕೆಲಸ.

ಕೇಳಿ, ಆಮೇಲೆ ತೆಗೆಯಿರಿ

ಒಪ್ಪಿಗೆ ಅಂದರೆ ಸಹಿ ಹಾಕಿಸಿಕೊಳ್ಳುವುದು ಮಾತ್ರ ಆಗಬಾರದು. ಚಿತ್ರ ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ, ಹಣ ಬರುತ್ತದೆಯೇ, ಬೇಡ ಅನ್ನಿಸಿದರೆ ಯಾವಾಗ ಹೇಳಬಹುದು, ಇಷ್ಟನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳಿ. ಓದು ಬಾರದವರ ಹತ್ತಿರ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸರಿಯಲ್ಲ. ನಾನು ಈ ಮಾತುಕತೆಯನ್ನೇ ವಿಡಿಯೋ ಮಾಡಿಟ್ಟುಕೊಳ್ಳುತ್ತೇನೆ. ಮಕ್ಕಳಿದ್ದರೆ ಅಪ್ಪ ಅಮ್ಮನನ್ನು ಕೇಳಲೇಬೇಕು.

ಕೆಲವು ವಿಷಯಗಳಿಗೆ ಕ್ಯಾಮೆರಾ ಹೋಗಬಾರದು. ಕರಗದ ಸಿದ್ಧತೆಯಲ್ಲಿ ಹೊರಗಿನವರು ನೋಡಬಾರದ ವಿಧಿಗಳಿವೆ. ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಲ್ಲಿ ಹಿರಿಯರು "ಇದು ಬೇಡಮ್ಮ" ಅಂದಾಗ ನಾನು ಕ್ಯಾಮೆರಾ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಅವರ ಕಣ್ಣೆದುರೇ ಎಳೆದೆ. ಮಾರನೇ ದಿನ ಅವರೇ ಕರೆದು, ಮೆರವಣಿಗೆ ತಿರುಗುವಾಗ ಯಾವ ಜಗಲಿ ಮೇಲೆ ನಿಂತರೆ ಚೆನ್ನಾಗಿ ಕಾಣುತ್ತದೆ ಅಂತ ತೋರಿಸಿದರು.

ಜಾಗದ ಅನುಮತಿ ಬೇರೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ನಲ್ಲಿ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆ, ಮೆಟ್ರೊ ನಿಲ್ದಾಣಕ್ಕೆ ಮೆಟ್ರೊ ನಿಗಮ, ಗುಡಿಯೊಳಗೆ ಆಡಳಿತ ಮಂಡಳಿ. ಅರ್ಜಿಗೆ ಎರಡು ವಾರ ಮೊದಲೇ ಓಡಾಡಿ. ಡ್ರೋನ್ ಆಸೆ ಇದ್ದರೆ ಮೊದಲು ಡ್ರೋನ್ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಎಚ್‌ಎಎಲ್, ಯಲಹಂಕ ವಾಯುನೆಲೆ, ದೇವನಹಳ್ಳಿ ವಿಮಾನ ನಿಲ್ದಾಣ ಎಲ್ಲ ಇರುವ ಊರು ನಮ್ಮದು. ನನ್ನ ಅಭಿಪ್ರಾಯ ಕೇಳಿದರೆ, ಕಿರುಚಿತ್ರಕ್ಕೆ ಡ್ರೋನ್ ಬೇಕಾಗಿಯೇ ಇಲ್ಲ. ಪಕ್ಕದ ಮನೆಯ ತಾರಸಿ ಹತ್ತಿ. ಹತ್ತುವ ನೆಪದಲ್ಲಿ ಆ ಮನೆಯವರ ಪರಿಚಯವೂ ಆಗುತ್ತದೆ.

ಸದ್ದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಒಂದು ನಿಮಿಷವೂ ಕೂರುವುದಿಲ್ಲ.

ಹತ್ತು ಸಾವಿರ ರೂಪಾಯಿ ಇದ್ದರೆ ಲೆನ್ಸಿಗೆ ಹಾಕಬೇಡಿ, ಮೈಕಿಗೆ ಹಾಕಿ. ಫೋನಿನದೇ ಮೈಕು ನಾಲ್ಕು ಅಡಿ ದೂರದಲ್ಲಿ ಇದ್ದರೆ ಅದು ಹಿಡಿಯುವುದು ಆಟೊ ಹಾರ್ನನ್ನು. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಹಾಕಿ. ಸೀರೆ ಉಟ್ಟವರಿಗೆ ಹಾಕುವಾಗ ಎರಡು ವಿಷಯ ನೋಡಿ. ಮಾಂಗಲ್ಯದ ಸರ ಮೈಕಿಗೆ ತಾಗಿದರೆ ಮಾತಿನುದ್ದಕ್ಕೂ ಟಿಕ್ ಟಿಕ್ ಅನ್ನುತ್ತದೆ. ರೇಷ್ಮೆ ಸೆರಗು ಸರಿದಾಡಿದರೆ ಸರಸರ ಸದ್ದು ಬರುತ್ತದೆ. ಸೆರಗಿಗೆ ಪಿನ್ನು ಹಾಕಿ, ಸರವನ್ನು ಒಂದು ಬದಿಗೆ ಸರಿಸಿಕೊಳ್ಳಿ ಅಂತ ವಿನಯದಿಂದ ಕೇಳಿ. ಬಳೆ ಸದ್ದು ಮಾತ್ರ ಇರಲಿ ಬಿಡಿ. ಅಳೆಯುವ ಕೈಯಲ್ಲಿ ಬಳೆ ಸದ್ದು ಮಾಡದಿದ್ದರೆ ಅದು ಅವರ ಕೈ ಅನ್ನಿಸುವುದಿಲ್ಲ.

ಹೆಡ್‌ಫೋನ್ ಹಾಕಿಕೊಳ್ಳದೆ ಎಂದೂ ರೆಕಾರ್ಡ್ ಮಾಡಬೇಡಿ. ನಮ್ಮ ಕಿವಿ ಗದ್ದಲವನ್ನು ತಾನೇ ಸೋಸಿಬಿಡುತ್ತದೆ, ಮೈಕಿಗೆ ಆ ಬುದ್ಧಿ ಇಲ್ಲ. ಫ್ರಿಜ್ಜಿನ ಗೊರ್ ಶಬ್ದ, ಮೇಲೆ ಹೋಗುವ ವಿಮಾನ, ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಯಂತ್ರ, ಇವೆಲ್ಲ ಹೆಡ್‌ಫೋನ್ ಹಾಕಿದರೆ ಮಾತ್ರ ಗೊತ್ತಾಗುವುದು. ಕೆರೆ ಏರಿ ಮೇಲೆ ಗಾಳಿ ಜಾಸ್ತಿ. ಮೈಕಿಗೆ ಹಾಕುವ ತುಪ್ಪಳದ ಟೋಪಿ ಮರೆತು ಹೋದರೆ ಅವತ್ತಿನ ಮಾತು ಪೂರ್ತಿ ಹಾಳು. ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ಇಡಿ, ವಿಡಿಯೋಗೆ ಅದೇ ಸರಿಹೊಂದುವ ಲೆಕ್ಕ.

ಪ್ರತಿ ಜಾಗದಲ್ಲೂ ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಆ ಜಾಗದ ಸದ್ದನ್ನು ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಎರಡು ಮಾತಿನ ನಡುವಿನ ತೇಪೆ ಕಾಣದಂತೆ ಹೊಲಿಯಲು ಅದೇ ದಾರ. ಆಮೇಲೆ ಆ ಕೆಲಸದ ಸದ್ದುಗಳನ್ನೇ ಹತ್ತಿರದಿಂದ, ಬೇರೆಯಾಗಿ ತಗೊಳ್ಳಿ. ಕಾಯಿ ಸೇರಿಗೆ ಬೀಳುವ ಸದ್ದು ಮೊದಲು ಟೊಳ್ಳಾಗಿರುತ್ತದೆ, ತುಂಬುತ್ತಾ ಬಂದಂತೆ ಮಂದವಾಗುತ್ತದೆ. ನನ್ನ ಚಿತ್ರ ಶುರುವಾಗುವುದು ಕತ್ತಲ ಪರದೆ ಮೇಲೆ ಆ ಸದ್ದಿನಿಂದಲೇ.

ಹಾಡಿನ ವಿಷಯ ಒಂದಿದೆ. ಪರಿಷೆಯಲ್ಲಿ, ಉತ್ಸವಗಳಲ್ಲಿ ಮೈಕ್ ಸೆಟ್ಟಿನಲ್ಲಿ ಸಿನಿಮಾ ಹಾಡು ಹಾಕಿರುತ್ತಾರೆ. ಆ ಹಾಡು ನಿಮ್ಮ ಚಿತ್ರದ ಹಿಂದೆ ಕೇಳಿದರೂ ಯೂಟ್ಯೂಬ್ ಗುರುತಿಸುತ್ತದೆ, ಹಾಡಿನ ಹಕ್ಕುದಾರರು ಚಿತ್ರದ ಮೇಲೆ ಹಕ್ಕು ಹೇಳಬಹುದು. ಆದ್ದರಿಂದ ಮುಖ್ಯ ಮಾತುಗಳನ್ನು ಸ್ಪೀಕರಿನಿಂದ ದೂರ, ಇಲ್ಲವೇ ಬೆಳಗ್ಗೆ ಹಾಡು ಶುರುವಾಗುವ ಮೊದಲು ರೆಕಾರ್ಡ್ ಮಾಡಿ. ಅಜ್ಜಿಯ ಜೊತೆ ನನ್ನ ಒಳ್ಳೆಯ ಮಾತುಕತೆ ಆದದ್ದೆಲ್ಲ ಬೆಳಗ್ಗೆ ಆರೂವರೆಗೆ, ಅವರು ರಾಶಿಯ ಮೇಲಿನ ಟಾರ್ಪಾಲ್ ತೆಗೆಯುವ ಹೊತ್ತಿಗೆ.

ಕ್ಯಾಮೆರಾ

ಫೋನು ಸಾಕು. ಲೆನ್ಸನ್ನು ಹತ್ತಿಬಟ್ಟೆಯಿಂದ ಒರೆಸಿ, ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಬೀದಿ ದೀಪ, ಟ್ಯೂಬ್‌ಲೈಟು ಮಿನುಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಫೋನು ಅಂಗಡಿಯಿಂದ ಬಂದ ಹಾಗೆ 30ರಲ್ಲೇ ಇರುತ್ತದೆ, ಬದಲಾಯಿಸಿಕೊಳ್ಳಿ.

ಪ್ರತಿ ಶಾಟನ್ನೂ ಹತ್ತು ಎಣಿಸುವವರೆಗೆ ಅಲುಗಾಡಿಸದೆ ಹಿಡಿಯಿರಿ. ಮನಸ್ಸಿನಲ್ಲೇ ಎಣಿಸಿ. ಹೊಸಬರು ಮೂರಕ್ಕೇ ಬೇರೆ ಕಡೆ ತಿರುಗುತ್ತಾರೆ, ನಾನೂ ತಿರುಗುತ್ತಿದ್ದೆ. ಒಂದು ಕೆಲಸವನ್ನು ಹಿಡಿಯುವಾಗ ಕೈ ಹತ್ತಿರದಿಂದ, ಮುಖ ಹತ್ತಿರದಿಂದ, ಆ ಮುಖ ಏನನ್ನು ನೋಡುತ್ತಿದೆಯೋ ಅದು, ಆಮೇಲೆ ಹಿಂದೆ ಸರಿದು ಇಡೀ ಜಾಗ. ಈ ನಾಲ್ಕು ಇದ್ದರೆ ಎಡಿಟ್ ಮಾಡುವಾಗ ಕೈ ಕಟ್ಟಿದಂತೆ ಆಗುವುದಿಲ್ಲ.

ಕರಗದಂಥ ರಾತ್ರಿ ಉತ್ಸವಕ್ಕೆ ಬೇರೆ ಲೆಕ್ಕ. ಚೈತ್ರದ ಹುಣ್ಣಿಮೆ, ಕರಗ ಗುಡಿಯಿಂದ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಕರಗದ ಜೊತೆ ಬರುವ ವೀರಕುಮಾರರ ಕತ್ತಿ, ಮಲ್ಲಿಗೆ, ಗೋವಿಂದ ಗೋವಿಂದ ಕೂಗು, ಎಲ್ಲ ಒಮ್ಮೆಲೇ ಬಂದು ಮಿಂಚಿನಂತೆ ಹೋಗಿಬಿಡುತ್ತದೆ. ಅದರ ಹಿಂದೆ ಓಡಬೇಡಿ. ಒಂದು ಜಾಗ ಆರಿಸಿ, ಸಂಜೆಯೇ ಹೋಗಿ ನಿಂತುಕೊಳ್ಳಿ. ನಾನು ಒಂದು ವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ ಹತ್ತಿರ ಕಾದೆ, ಕರಗ ಅಲ್ಲಿಗೂ ಹೋಗುತ್ತದೆ. ಕಾದ ಆರು ಗಂಟೆಯಲ್ಲಿ ದರ್ಗಾದ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದವರು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲ ಮೇಲೆ ಹೊತ್ತವರು ಸಿಕ್ಕರು. ಕರಗ ಬಂದು ಹೋದ ಒಂದು ನಿಮಿಷಕ್ಕಿಂತ ಅದೇ ನನಗೆ ಮುಖ್ಯವಾಯಿತು. ಕರಗ ಹೊತ್ತವರ ಮುಖಕ್ಕೆ ಲೈಟು ಬಿಡಬೇಡಿ, ದಯವಿಟ್ಟು. ತಲೆಯ ಮೇಲೆ ಕರಗ ಹೊತ್ತು, ಕೈಯಲ್ಲಿ ಮುಟ್ಟದೆ ಹೆಜ್ಜೆ ಹಾಕುತ್ತಿರುತ್ತಾರೆ.

ಕಾರ್ಡಿನ ಲೆಕ್ಕ: 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 100 ಎಂಬಿಪಿಎಸ್‌ನಲ್ಲಿ ತೆಗೆದರೆ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. ಅವತ್ತಿನದು ಅವತ್ತೇ ರಾತ್ರಿ ಎರಡು ಬೇರೆ ಡಿಸ್ಕಿಗೆ ಹಾಕಿ. ಜಕ್ಕೂರಿನ ಮೂರು ಮುಂಜಾನೆಯ ಫುಟೇಜ್ ಒಂದೇ ಡಿಸ್ಕಿನಲ್ಲಿತ್ತು. ಅದು ಕೆಟ್ಟಿತು, ರಿಪೇರಿಗೆ ಕೊಟ್ಟೆ, ಖಾಲಿಯಾಗಿ ವಾಪಸ್ ಬಂತು. ಅದರಲ್ಲಿ ಮಂಜಿನೊಳಗಿಂದ ತೆಪ್ಪ ಬರುವ ಒಂದು ಶಾಟ್ ಇತ್ತು. ಅಂಥ ಮಂಜು ಮತ್ತೆ ನನಗೆ ಸಿಕ್ಕಿಲ್ಲ.

ಕೇಳುವ ರೀತಿ

"ನಿಮಗೆ ಹೇಗನ್ನಿಸುತ್ತೆ?" ಅಂತ ಕೇಳಬೇಡಿ. ಆ ಪ್ರಶ್ನೆಗೆ "ತುಂಬಾ ಖುಷಿ ಆಗುತ್ತೆ", "ತುಂಬಾ ಬೇಜಾರಾಗುತ್ತೆ" ಇವೆರಡು ಬಿಟ್ಟು ಬೇರೆ ಉತ್ತರ ಇಲ್ಲ. "ಮೊದಲ ಸಲ ಪರಿಷೆಗೆ ಬಂದಾಗ ಯಾರ ಜೊತೆ ಬಂದ್ರಿ? ಹೇಗೆ ಬಂದ್ರಿ? ರಾತ್ರಿ ಎಲ್ಲಿ ಮಲಗಿದ್ರಿ?" ಅಂತ ಕೇಳಿ. ಮೊದಲ ಸಲ ಗಂಡನ ಜೊತೆ ಬಂದದ್ದು, ಮೂಟೆಗೆ ಒರಗಿಕೊಂಡೇ ರಾತ್ರಿ ಕಳೆದದ್ದು, ಚಳಿಗೆ ಖಾಲಿ ಗೋಣಿಚೀಲ ಹೊದ್ದದ್ದು, ಇದನ್ನೆಲ್ಲ ಅಜ್ಜಿ ಹೇಳಿದ್ದು ಇಂಥ ಚಿಕ್ಕ ಪ್ರಶ್ನೆಗಳಿಗೆ.

ಉತ್ತರ ಮುಗಿದ ಮೇಲೆ ಐದು ಸೆಕೆಂಡು ಏನೂ ಮಾತಾಡಬೇಡಿ. "ಹೌದಾ", "ಸರಿ ಸರಿ" ಕೂಡ ಬೇಡ, ಬರೀ ತಲೆ ಆಡಿಸಿ. ಆ ಮೌನವನ್ನು ತುಂಬಲು ಅವರು ಹೇಳುವ ಮುಂದಿನ ಮಾತೇ ಬಹಳ ಸಲ ನಿಮಗೆ ಬೇಕಾದ ಮಾತು. ಗಂಡ ತೀರಿಹೋದ ವರ್ಷವೂ ಪರಿಷೆ ತಪ್ಪಿಸಲಿಲ್ಲ ಅಂತ ಅಜ್ಜಿ ಹೇಳಿದ್ದು ಅಂಥ ಒಂದು ಮೌನದಲ್ಲಿ. "ಮೊದಲ ಬೆಳೆ ಬಸವಣ್ಣಂದು, ಅದುನ್ನ ತರದೆ ಇರಕ್ಕಾಗುತ್ತಾ?" ಅಂದರು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಹೊಲ ಮೇಯುತ್ತಿದ್ದ ಬಸವನಿಗೆ ಕಾಯಿ ಒಪ್ಪಿಸಿದ ಕಥೆಯನ್ನು ನಾನು ನಿರೂಪಣೆಯಲ್ಲಿ ಹೇಳಬೇಕು ಅಂದುಕೊಂಡಿದ್ದೆ. ಅವರ ಆ ಒಂದು ವಾಕ್ಯ ಬಂದ ಮೇಲೆ ನನ್ನ ನಿರೂಪಣೆ ಬೇಕಾಗಲಿಲ್ಲ.

ವಾಸನೆ ತೋರಿಸುವುದು, ಸಂಖ್ಯೆ ಪರೀಕ್ಷಿಸುವುದು

ವೃಷಭಾವತಿ ಹುಟ್ಟುವುದು ಅದೇ ಬಸವಣ್ಣನ ಪಾದದಲ್ಲಿ ಅಂತ ನಂಬಿಕೆ, ಹೆಸರು ಬಂದದ್ದೂ ಅದರಿಂದಲೇ. ಪರಿಷೆಯ ಚಿತ್ರ ಮುಗಿದ ಮೇಲೆ ನನ್ನ ಎರಡನೇ ಚಿತ್ರ ಆ ಹೊಳೆಯದು. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿ ಪಕ್ಕದಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಕಡೆ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಜನ ಅದನ್ನು ಕೆಂಗೇರಿ ಮೋರಿ ಅಂದುಬಿಟ್ಟಿದ್ದಾರೆ. ಅಮ್ಮನವರ ಹೆಸರಿನಂಥ ಹೆಸರಿದ್ದ ಹೊಳೆಗೆ ಈ ಹೆಸರು ಬಂತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಅದರ ವಾಸನೆಯನ್ನು ತೋರಿಸುವುದು ಹೇಗೆ? ಕಪ್ಪು ನೀರನ್ನು ಎಷ್ಟು ತೋರಿಸಿದರೂ ಮೂಗಿಗೆ ಬರುವುದಿಲ್ಲ. ಕೊನೆಗೆ ನಾನು ಬಸ್ಸಿನಲ್ಲಿ ಕೂತೆ. ಕೆಂಗೇರಿ ಹತ್ತಿರ ಬಂದಾಗ ಯಾರೂ ಹೇಳದೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ನಿದ್ದೆಯಲ್ಲಿದ್ದವರೂ ಕೈ ಚಾಚಿ ಗಾಜು ಎಳೆಯುತ್ತಾರೆ. ಆ ಶಾಟ್ ನೋಡಿದವರೆಲ್ಲ ಮೂಗಿಗೆ ಕೈ ಇಟ್ಟರು. ಕ್ಯಾಮೆರಾಕ್ಕೆ ಸಿಗದ್ದನ್ನು ತೋರಿಸಬೇಕಾದರೆ ಅದರಿಂದ ಜನರ ಕೈಕಾಲು ಏನು ಮಾಡುತ್ತದೆ ಅನ್ನುವುದನ್ನು ಹುಡುಕಿ.

ಪರಿಸರದ ಚಿತ್ರದಲ್ಲಿ ಸಂಖ್ಯೆ ಬಂದರೆ ಎಚ್ಚರ. "ಈ ನೀರನ್ನೇ ಕುಡೀತಿದ್ವಿ" ಅಂತ ಹಿರಿಯರು ಹೇಳಿದರೆ ಅದು ಅವರ ನೆನಪು, ಹಾಗೇ ಇಡಿ. "ಕೆರೆ ಇನ್ನೂರು ಎಕರೆ ಇತ್ತು" ಅಂದರೆ ಪರೀಕ್ಷಿಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಅಲ್ಲಿಂದ ಹಳೆಯ ದಾಖಲೆ ಹುಡುಕಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರನ್ನು ಎ ಇಂದ ಇ ವರೆಗೆ ದರ್ಜೆ ಹಾಕಿ ಪ್ರಕಟಿಸುತ್ತದೆ. ಎ ಅಂದರೆ ರೋಗಾಣು ಕೊಲ್ಲುವ ಶುದ್ಧೀಕರಣ ಮಾಡಿದರೆ ಕುಡಿಯಬಹುದಾದ ನೀರು, ಡಿ ಅಂದರೆ ಮೀನು ಮತ್ತು ವನ್ಯಜೀವಿಗಳಿಗೆ ಆಗುವಂಥದ್ದು, ಇ ಅಂದರೆ ನೀರಾವರಿ, ಕೈಗಾರಿಕೆಯ ತಂಪು ಯಂತ್ರಗಳಿಗೆ. ಬೇಕಾದ ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಒಂದು ತಪ್ಪು ಸಂಖ್ಯೆ ಇದ್ದರೆ ಚಿತ್ರದ ಎದುರಾಳಿಗಳು ಅದನ್ನೊಂದೇ ಹಿಡಿದುಕೊಳ್ಳುತ್ತಾರೆ, ನಿಮ್ಮನ್ನು ನಂಬಿ ಮಾತಾಡಿದವರ ಮಾತೂ ಬಿದ್ದುಹೋಗುತ್ತದೆ.

ಕತ್ತರಿ

ಎಡಿಟ್ ಮಾಡಲು ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಕಿರುಚಿತ್ರಕ್ಕೆ ಧಾರಾಳವಾಗಿ ಸಾಕು. ಆದರೆ ಕಂಪ್ಯೂಟರ್ ತೆರೆಯುವ ಮೊದಲು ಎಲ್ಲ ಮಾತನ್ನೂ ಕೈಯಲ್ಲಿ ಬರೆದುಕೊಳ್ಳಿ. ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಬೇಕಾದ ಮಾತುಗಳನ್ನು ಚೀಟಿ ಮಾಡಿ ನೆಲದ ಮೇಲೆ ಹರಡಿ ಸರಿಸುತ್ತಾ ಕೂತರೆ ಚಿತ್ರದ ಬೆನ್ನೆಲುಬು ಅಲ್ಲೇ ಸಿಗುತ್ತದೆ. ನನಗೆ ಎರಡು ಸಂಜೆ ಬೇಕಾಯಿತು.

ಕನ್ನಡ ಸಬ್‌ಟೈಟಲ್ ಹಾಕುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಚಿತ್ರಲಿಪಿಯಾಗುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. "ಅಜ್ಜಿ", "ಹೊಟ್ಟೆ", "ಕೃಷ್ಣ", "ಅರ್ಕಾವತಿ" ಈ ನಾಲ್ಕು ಪದ ಹಾಕಿ ಮೊದಲೇ ನೋಡಿಕೊಳ್ಳಿ. ಒಡೆದರೆ ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇದೆಯಾ ಹುಡುಕಿ. ನಮ್ಮ ಪದಗಳು ಉದ್ದ, ಸಾಲಿಗೆ ನಾಲ್ಕೈದು ಪದಕ್ಕಿಂತ ಜಾಸ್ತಿ ಬೇಡ. ಎರಡು ಸಾಲು ಮೀರಬೇಡಿ.

ಉದ್ದದ ಬಗ್ಗೆ ಕೇಳುತ್ತಾರೆ. ಆಸ್ಕರ್ ನಿಯಮದಲ್ಲಿ ಟೈಟಲ್ ಸೇರಿ 40 ನಿಮಿಷದವರೆಗೂ ಕಿರು ಡಾಕ್ಯುಮೆಂಟರಿಯೇ. ಮೊದಲ ಚಿತ್ರಕ್ಕೆ ಹತ್ತರ ಒಳಗೆ ಇರಲಿ ಅನ್ನುವುದು ನನ್ನ ಸಲಹೆ. ಮುಗಿದ ಮೇಲೆ ಮುಂಬೈ ಚಿತ್ರೋತ್ಸವ, ತಿರುವನಂತಪುರದ ಕಿರುಚಿತ್ರೋತ್ಸವ, ನಮ್ಮೂರಿನ ಕಿರುಚಿತ್ರೋತ್ಸವಗಳಿಗೆ ಕಳಿಸಬಹುದು. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ, ಅಲ್ಲಿ ಚಿತ್ರ ನೋಡಲು ಬರುವವರು ಆಮೇಲೆ ಕೂತು ಮಾತಾಡುತ್ತಾರೆ. ಅಂಥ ಒಂದು ಸಂಜೆಯಿಂದ ಕಲಿಯುವುದು ಬಹಳ ಇದೆ.

ಆದರೆ ಇದಕ್ಕೆಲ್ಲ ಮೊದಲು ಚಿತ್ರವನ್ನು ಅದರಲ್ಲಿರುವವರಿಗೆ ತೋರಿಸಿ. ಕೊನೆಯ ಪ್ರತಿ ತೆಗೆಯುವ ಮೊದಲು, ಇನ್ನೂ ಬದಲಾಯಿಸಲು ಆಗುವ ಹೊತ್ತಿನಲ್ಲಿ. ನಾನು ಲ್ಯಾಪ್‌ಟಾಪ್ ತಗೊಂಡು ಚಿಂತಾಮಣಿ ಬಸ್ಸು ಹತ್ತಿದೆ. ಅಜ್ಜಿಯ ಮನೆ ಪಡಸಾಲೆಯಲ್ಲಿ ಮಗ, ಸೊಸೆ, ಅಕ್ಕಪಕ್ಕದವರು ಎಲ್ಲ ಸೇರಿದರು. ಅಜ್ಜಿ ಒಂದು ಮಾತೂ ಆಡದೆ ನೋಡಿದರು. ಮುಗಿದ ಮೇಲೆ, "ಎಲ್ಲಾ ಸರಿ ಕಣಮ್ಮ. ಕೊಸರು ಎಲ್ಲೋಯ್ತು?" ಅಂದರು.

ಸೇರು ಅಳೆದು ಸುರಿದ ಮೇಲೆ ಅವರು ಪ್ರತಿ ಸಲವೂ ಒಂದು ಹಿಡಿ ಕಾಯಿ ಮೇಲೆ ಹಾಕುತ್ತಿದ್ದರು. ಅಳತೆ ಆಯ್ತಲ್ಲ ಅಂತ ನಾನು ಎಲ್ಲ ಶಾಟನ್ನೂ ಅದಕ್ಕೆ ಮೊದಲೇ ಕತ್ತರಿಸಿದ್ದೆ. ಮೂರು ದಿನ ಪಕ್ಕದಲ್ಲಿ ಕೂತು ನೋಡಿದ್ದೆ, ನಾನೇ ಆ ಕಾಯಿ ತಿಂದಿದ್ದೆ, ಆದರೂ ಅದು ಬೇಕು ಅಂತ ನನಗೆ ಹೊಳೆಯಲಿಲ್ಲ. "ಕೊಸರು ಆಕ್ದಿರೋ ಮುದುಕಿ ಅಂತಾರೆ ನೋಡ್ದೋರು," ಅಂತ ಸೊಸೆಯ ಕಡೆ ತಿರುಗಿ ಹೇಳಿದರು. ಕೋಪ ಇರಲಿಲ್ಲ, ನೊಂದಿದ್ದರು.

ಆ ರಾತ್ರಿಯೇ ಅವರ ಪಡಸಾಲೆಯಲ್ಲಿ ಕೂತು ಸೇರಿಸಿದೆ. ಬಲಗೈ ರಾಶಿಗೆ ಹೋಗಿ, ಒಂದು ಹಿಡಿ ತುಂಬಿಕೊಂಡು, ಕೊಳ್ಳುವವರ ಚೀಲದ ಮೇಲೆ ಬಿಚ್ಚಿಕೊಳ್ಳುತ್ತದೆ. ಚಿತ್ರ ಈಗ 9 ನಿಮಿಷ 6 ಸೆಕೆಂಡ್ ಇದೆ.